ಉಪ್ಪುಂಡ ಹೆಪ್ಪು

ಅವರ ಎಡಗಿವಿಯ ಮೇಲಿನ ತುದಿ ಇರಲಿಲ್ಲ. ಕತ್ತಿ ತಾಗಿದ ಗಾಯದ ಅಂಚು ನೇರವಾಗಿರುತ್ತದೆ. ಇದು ಸಣ್ಣ ಸಣ್ಣ ಕಮಾನುಗಳ ಸಾಲಿನಂತಿತ್ತು. ಅವರು ಬಗ್ಗಿ ನನ್ನ ಸೀಸೆಗೆ ನೀರು ತುಂಬುತ್ತಿದ್ದಾಗ ಆ ಕಮಾನುಗಳನ್ನು ಎಣಿಸಿದೆ. ನಾಲ್ಕಿದ್ದವು. ನಾನು ನೋಡುತ್ತಿರುವುದು ತಿಳಿದು ಅವರು ತಲೆ ಎತ್ತದೆಯೇ ಹೇಳಿದರು: “ಹಲ್ಲಿನ ಗುರ್ತರಿ ಅಕ್ಕಾರ. ಕಡದಾವನ ಬಾಯಾಗ ಈಗ ಅವು ನಾಕೂ ಇಲ್ಲ.”

ಟಿಕೋಟಾದ ಹೊರಗೆ, ಹಳ್ಳದ ದಂಡೆಗೆ ಒಂದು ತೊಗಲಿನ ಕಾರ್ಖಾನೆ ಇತ್ತು. ಅಲ್ಲಿಯ ಹೊಂಡಗಳನ್ನು ನೋಡಿಕೊಳ್ಳುತ್ತಿದ್ದವರು ಅವರು. ಆಳುಗಳೆಲ್ಲ ಅವರನ್ನು ಹೊಂಡದ ಕಾಕಾ ಎನ್ನುತ್ತಿದ್ದರು. ನಾನೂ ಹಾಗೆಯೇ ಕರೆದೆ. ಅವರ ನಿಜವಾದ ಹೆಸರನ್ನು ನಾನು ಒಂದೇ ಸಲ ಬಾಯಿಬಿಟ್ಟು ಹೇಳಿದ್ದೇನೆ, ಅದೂ ಸರಕಾರಿ ಕಾಗದಕ್ಕಾಗಿ. ಇಲ್ಲಿ ಬರೆಯುವುದಿಲ್ಲ.

ಆಗ ನಾನು ಧಾರವಾಡದಲ್ಲಿ ಓದು ಮುಗಿಸಿ ವಿಜಾಪುರದ ಒಂದು ಕಾಲೇಜಿನಲ್ಲಿ ರಸಾಯನಶಾಸ್ತ್ರದ ಡೆಮಾನ್‌ಸ್ಟ್ರೇಟರ್ ಆಗಿ ಸೇರಿದ್ದೆ, ಸೋದರಮಾವನ ಮನೆಯಲ್ಲಿದ್ದೆ. ಆ ಬೇಸಿಗೆ ಕಾರ್ಖಾನೆಯ ಕೆಳಗಿನ ಹಳ್ಳಿಯಲ್ಲಿ ಹಳ್ಳದ ನೀರು ಕುಡಿದ ಎರಡು ಎಮ್ಮೆಗಳು ಸತ್ತವು. ಆ ಹಳ್ಳ ಮುಂದೆ ಬಬಲೇಶ್ವರದ ಕಡೆಗೆ ತಿರುಗಿ ಡೋಣಿ ನದಿಗೆ ಸೇರುತ್ತದೆ. ಊರವರು ದೂರು ಕೊಟ್ಟರು, ಸರಕಾರಿ ಕಚೇರಿಯಿಂದ ನೀರಿನ ಪರೀಕ್ಷೆ ಮಾಡಿಸಿರೆಂದು ಕಾರ್ಖಾನೆಗೆ ಹೇಳಿಕೆ ಬಂತು, ಕಾರ್ಖಾನೆಯ ಮ್ಯಾನೇಜರು ನಮ್ಮ ಪ್ರಾಧ್ಯಾಪಕರನ್ನು ಕೇಳಿದರು. ಪ್ರಾಧ್ಯಾಪಕರಿಗೆ ವಾಸನೆ ಆಗುತ್ತಿರಲಿಲ್ಲ. ನನ್ನನ್ನು ಕಳಿಸಿದರು.

ತೊಗಲು ಕೊಳೆಯದಿರಲೆಂದು ಉಪ್ಪು ಸವರಿ, ಮಡಚಿ, ಕಾರ್ಖಾನೆಗೆ ತರುತ್ತಾರೆ. ಮೊದಲ ಕೆಲಸ ಆ ಉಪ್ಪು ಬಿಡಿಸುವುದು. ನೆನೆಹಾಕಿದ ನೀರಿನಲ್ಲಿ ಉಪ್ಪಿನ ಜೊತೆ ರಕ್ತ, ಕೂದಲು, ಕೊಬ್ಬು ಎಲ್ಲ ಇಳಿಯುತ್ತವೆ. ಆ ನೀರು ಒಂದು ದೊಡ್ಡ ಹೊಂಡದಲ್ಲಿ ನಿಂತು, ಕೊಳೆತು, ಹಳ್ಳಕ್ಕೆ ಹೋಗುತ್ತಿತ್ತು. ನಾನು ಹೋದ ದಿನ ಹೊಂಡ ಕಪ್ಪಗಿತ್ತು. ಕೆಟ್ಟ ಮೊಟ್ಟೆಯ ವಾಸನೆಗೆ ನನ್ನ ಬೆಳ್ಳಿಯ ಉಂಗುರ ಸಂಜೆಯೊಳಗೆ ಕಂದಿತು.

ಅದೇ ದಿನ ಅವರ ಕೈ ನೋಡಿದೆ. ಒಬ್ಬ ಆಳು ನನ್ನನ್ನು ತೋರಿಸಿ ಇನ್ನೊಬ್ಬನಿಗೆ ಏನೋ ಅಂದ. ನನಗೆ ಪೂರ್ತಿ ಕೇಳಿಸಲಿಲ್ಲ. ಕಾಕಾನಿಗೆ ಕೇಳಿಸಿತು. ಸೀಸೆಯನ್ನು ನನ್ನ ಕೈಗೆ ಕೊಟ್ಟು, ನಾಲ್ಕು ಹೆಜ್ಜೆ ನಡೆದು ಹೋಗಿ, ಅವನ ಬಾಯಿಯ ಮೇಲೆ ಹಿಂಗೈಯಿಂದ ಒಂದೇ ಏಟು ಹೊಡೆದರು. ಅವನು ಕುಳಿತುಬಿಟ್ಟ. ತುಟಿ ಸೀಳಿ ರಕ್ತ ಗದ್ದಕ್ಕೆ ಇಳಿಯಿತು. ಕಾಕಾ ತಿರುಗಿ ಬಂದು ಸೀಸೆ ಇಸಿದುಕೊಂಡರು. ಅಷ್ಟು ಬೇಕಿರಲಿಲ್ಲ ಎಂದೆ. “ನಂದು ಕೈ ಮೊದಲ ಹೋಗತೈತ್ರಿ, ಮಾತು ಹಿಂದಿಂದ ಬರತೈತಿ,” ಎಂದರು. ಆ ಮಾತು ಕೊನೆಗೂ ಬರಲಿಲ್ಲ. ಹೊಡೆಸಿಕೊಂಡವನು ಮುಂದೆ ಎರಡು ವರ್ಷ ಅವರ ಜೊತೆಗೇ ಕೆಲಸ ಮಾಡಿದ. ಅವರ ಬಗ್ಗೆ ಕೇಳಿದರೆ ತುಟಿಯ ಕಲೆ ಮುಟ್ಟಿಕೊಂಡು, ಬಲು ಚಲೋ ಮನಿಷ್ಯಾ ಅನ್ನುತ್ತಿದ್ದ. ಅವನು ಹಾಸ್ಯಕ್ಕೆ ಹೇಳುತ್ತಿದ್ದನೋ ನಿಜವಾಗಿಯೋ ನನಗೆ ಕೊನೆವರೆಗೂ ತಿಳಿಯಲಿಲ್ಲ.

ವರದಿ ಬರೆದೆ. ಆರು ವಾಕ್ಯಗಳು. ನಾಲ್ಕನೆಯದು ಹೀಗಿತ್ತು: “ಹೊಂಡದ ಕೆಸರನ್ನು ಪೂರ್ತಿಯಾಗಿ ತೆಗೆದು, ಬ್ಲೀಚಿಂಗ್ ಪುಡಿ ಹಾಕಿ, ಸಿಹಿನೀರಿನಿಂದ ಸ್ವಚ್ಛಗೊಳಿಸತಕ್ಕದ್ದು.” ಪ್ರಾಧ್ಯಾಪಕರು ಮೆಚ್ಚಿ ಸಹಿ ಮಾಡಿದರು. ಮ್ಯಾನೇಜರು ಅದನ್ನು ಫೈಲಿಗೆ ಸೇರಿಸಿ ಮರೆತರು.

ಕಿವಿಯ ಕತೆ ಅವರು ನನಗೆ ಹೇಳಿದ್ದು ಬಹಳ ತಡವಾಗಿ, ಅದೂ ತುಂಡುತುಂಡಾಗಿ. ಅವರು ಹುಟ್ಟಿದ್ದು ಎಮ್ಮೆ ಸತ್ತ ಅದೇ ಹಳ್ಳಿಯಲ್ಲಿ. ಊರಲ್ಲಿ ದನ ಸತ್ತರೆ ಎಳೆದು ಹೊರಗೆ ಹಾಕುವುದು ಅವರ ಓಣಿಯ ಪಾಲಿಗೆ ಬಂದ ಕೆಲಸ. ಐವತ್ತರ ದಶಕದ ಕೊನೆಗೆ ಓಣಿಯವರೆಲ್ಲ ಬೌದ್ಧರಾದಾಗ, ಇನ್ನು ಸತ್ತ ದನ ಎಳೆಯುವುದಿಲ್ಲವೆಂದು ಆಣೆ ಮಾಡಿದರು. ಮುಂದಿನ ವಾರವೇ ಒಂದು ಎತ್ತು ಸತ್ತಿತು. ಯಾರೂ ಹೋಗಲಿಲ್ಲ. ಎರಡನೆಯ ದಿನ ಎತ್ತು ಉಬ್ಬಿತು. ಮೂರನೆಯ ದಿನ ಊರು ಬಡಿಗೆ ಹಿಡಿದು ಓಣಿಗೆ ಬಂತು. ಅವರ ಅಣ್ಣನ ಪಕ್ಕೆಲುಬು ಮುರಿದರು, ಎರಡು ಗುಡಿಸಲಿಗೆ ಬೆಂಕಿ ಇಟ್ಟರು. ಕೆಸರಿನಲ್ಲಿ ಹೊರಳಾಡುತ್ತ ಒಬ್ಬ ಇವರ ಕಿವಿ ಕಚ್ಚಿದ. ಇವರು ಕಲ್ಲು ತೆಗೆದುಕೊಂಡು ಅವನ ಬಾಯಿಗೆ ಹೊಡೆದರು. ಆಮೇಲೆ ಹೆಂಡತಿಯನ್ನು ಕರೆದುಕೊಂಡು ಟಿಕೋಟಾಕ್ಕೆ ಬಂದರು.

ಹಾಗಾದರೆ ತೊಗಲಿನ ಕೆಲಸ ಹೇಗೆ ಹಿಡಿದಿರಿ ಎಂದು ನಾನು ಕೇಳಿದೆ. ಕೇಳಬಾರದಿತ್ತೇನೋ. ಅವರು ಸಿಟ್ಟಾಗಲಿಲ್ಲ. “ಇದು ಪಗಾರದ ಕೆಲಸರಿ. ಬ್ಯಾಡಾದ್ರ ಬಿಟ್ಟು ಹೋಗಬಹುದು. ಅದನ್ನ ಬಿಟ್ಟು ಹೋಗಾಕ ಬರತಿದ್ದಿಲ್ಲ,” ಎಂದರು.

ಎಮ್ಮೆಗಳು ಸತ್ತ ತಿಂಗಳಲ್ಲಿ ಅವರು ಬಬಲೇಶ್ವರದ ಸಂತೆಗೆ ಹೋಗಿದ್ದರು. ಮೆಣಸಿನಕಾಯಿ ಸಾಲಿನಲ್ಲಿ ಆ ಹಳ್ಳಿಯವರು ಅವರನ್ನು ಸುತ್ತುಗಟ್ಟಿದರು. ಬಾರುಕೋಲಿನಿಂದ ಬೆನ್ನಿಗೆ ಹೊಡೆದರು, ಬಿದ್ದ ಮೇಲೆ ಮೆಟ್ಟಿನಿಂದ ತುಳಿದರು. ಆ ಎಮ್ಮೆಗಳ ಒಡೆಯ ಅವರ ಜೊತೆಯಲ್ಲೇ ಬೆಳೆದ, ಅವರದೇ ವಯಸ್ಸಿನವನು. ಅವನು ಕಾಕಾನ ಕುತ್ತಿಗೆಯ ಮೇಲೆ ಕಾಲಿಟ್ಟು ಸಂತೆಯ ಎದುರಿಗೇ ಮಾತು ಹೇಳಿದ: “ಎರಡು ಹೋದ್ವು, ಬಿಟ್ಟೀನಿ. ಇನ್ನೊಂದು ಸತ್ತಿತೋ, ಬ್ಯಾರೆ ಯಾರೂ ಬ್ಯಾಡ, ನೀನ ಬಂದು ಎಳೀಬೇಕು. ಮಿಣಿಹಗ್ಗ ನಾನ ಕೊಡತೀನಿ.”

ಮುಂದಿನ ಸಲ ನಾನು ನೀರು ತರಲು ಹೋದಾಗ ಅವರ ಕುತ್ತಿಗೆಯಲ್ಲಿ ಮೆಟ್ಟಿನ ಮೊಳೆಗಳ ಗುರುತು ಇನ್ನೂ ಹಳದಿಯಾಗಿತ್ತು. ಪೊಲೀಸರಿಗೆ ತಿಳಿಸಿದಿರಾ ಎಂದೆ. “ಮೂರನೇದು ಸಾಯಬಾರದ್ರಿ ಅಕ್ಕಾರ. ಅಷ್ಟ,” ಎಂದು ನನ್ನನ್ನು ಹೊಂಡದ ಬದಿಗೆ ಕರೆದೊಯ್ದರು.

ದೊಡ್ಡ ಹೊಂಡದ ಪಕ್ಕ ಒಂದು ಸಣ್ಣ ಹೊಂಡ ಹೊಸದಾಗಿ ತೋಡಿದ್ದರು. ಅದರ ತಳಕ್ಕೆ ಡೋಣಿಯ ದಂಡೆಯ ಮಣ್ಣು ತಂದು ಹಾಕಿದ್ದರು. ಡೋಣಿಯ ನೀರು ಉಪ್ಪು ಎಂಬುದು ಈ ಕಡೆಯ ಮಕ್ಕಳಿಗೂ ಗೊತ್ತು. ಬೇಸಿಗೆಯಲ್ಲಿ ಅದರ ಮಡುಗಳ ಅಂಚು ಬೆಳ್ಳಗೆ ಪೊರೆಗಟ್ಟುತ್ತದೆ. ಆ ಮಡುವೊಂದರಲ್ಲಿ ದನದ ಹೆಣ ಕೊಳೆತು, ವಾಸನೆ ಇಲ್ಲದೆ ಕರಗಿಹೋದದ್ದನ್ನು ಅವರು ಚಿಕ್ಕಂದಿನಲ್ಲಿ ನೋಡಿದ್ದರಂತೆ. ಎಳೆದು ಹಾಕಿದವರು ಅವರಪ್ಪ. ಆ ಮಣ್ಣಿನಲ್ಲಿ ಹೊಲಸು ತಿನ್ನುವ ಹುಳ ಇದೆ ಎಂಬುದು ಅವರ ಲೆಕ್ಕ. ಅದಕ್ಕೆ ಹೆಪ್ಪು ಎಂದೇ ಕರೆಯುತ್ತಿದ್ದರು.

ನಾನು ಪುಸ್ತಕದಲ್ಲಿ ಓದಿದ್ದನ್ನು ಹೇಳಿದೆ. ಉಪ್ಪಿನಲ್ಲಿ ಸೂಕ್ಷ್ಮಜೀವಿಗಳು ಬದುಕುವುದಿಲ್ಲ, ಅದಕ್ಕೇ ಉಪ್ಪಿನಕಾಯಿ ಕೆಡುವುದಿಲ್ಲ, ಅದಕ್ಕೇ ತೊಗಲಿಗೆ ಉಪ್ಪು ಸವರುತ್ತಾರೆ.

“ಉಪ್ಪಿನಾಗ ಸಾಯೋದು ಊರಾನ ಹುಳ,” ಎಂದರು. “ಇವು ಉಪ್ಪು ಉಂಡ ಹುಟ್ಟ್ಯಾವ. ಬರ್ರಿಲ್ಲಿ.” ಗೋದಾಮಿಗೆ ಕರೆದೊಯ್ದು ಒಂದು ತೊಗಲಿನ ಮಡಿಕೆ ಬಿಚ್ಚಿದರು. ಉಪ್ಪಿನ ಹರಳುಗಳ ನಡುವೆ, ಮಾಂಸದ ಕಡೆಗೆ, ಕುಂಕುಮ ಚೆಲ್ಲಿದಂತೆ ಕೆಂಪು ಹಬ್ಬಿತ್ತು. ಪ್ರತಿ ಬೇಸಿಗೆಗೂ ಹೀಗೆ ಕೆಂಪು ಹತ್ತುತ್ತದಂತೆ. ನಾನು ಅದನ್ನು ಬೆರಳಿನಿಂದ ಮುಟ್ಟಿದೆ, ಜಿಗುಟಾಗಿತ್ತು. ಪುಸ್ತಕದಲ್ಲಿ ಅದು ಇರಲಿಲ್ಲ, ಅಥವಾ ನಮಗೆ ಕಲಿಸಿದ ಪುಸ್ತಕದಲ್ಲಿ ಇರಲಿಲ್ಲ.

ಅವರು ಆ ಹೆಪ್ಪನ್ನು ಸಾಕಿದ ರೀತಿಯನ್ನು ನಾನು ನನ್ನ ವಹಿಯಲ್ಲಿ ಬರೆದಿಟ್ಟುಕೊಂಡಿದ್ದೇನೆ. ಮೊದಲ ದಿನ ಡೋಣಿಯ ನೀರಿಗೆ ಒಂದು ಕೊಡ ಹೊಲಸು ನೀರು. ನಾಲ್ಕು ದಿನ ಬಿಟ್ಟು ಎರಡು ಕೊಡ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಉದ್ದನೆಯ ಗಳದಿಂದ ಕಲಕುವುದು, ಹುಳಕ್ಕೂ ಉಸಿರು ಬೇಕೆಂದು. ಅವಸರ ಮಾಡಿದರೆ ನೀರು ಕಪ್ಪಾಗುತ್ತಿತ್ತು, ಆಗ ಮತ್ತೆ ಹಿಂದಕ್ಕೆ ಸರಿಯುವುದು. ಇಷ್ಟು ನಿಧಾನ ಯಾಕೆಂದು ಮ್ಯಾನೇಜರು ಕೇಳಿದರೆ, “ಹೊಸ ಸೊಸೀಗೆ ಬಂದ ದಿನಾನ ನೂರು ಮಂದಿ ಅಡಗಿ ಹಚ್ಚತಾರೇನ್ರಿ?” ಎಂದರು. ಕಲಕಿದ ಗಳವನ್ನು ಇನ್ನೊಂದು ಹೊಂಡಕ್ಕೆ ಅದ್ದಿದ ಒಬ್ಬ ಆಳಿಗೆ, ಹೆಪ್ಪು ಕೆಡುತ್ತದೆಂದು, ಅದೇ ಗಳದಿಂದ ಹೊಡೆದರು. ಗಳ ಮುರಿಯಿತು. ಆ ಮನುಷ್ಯ ಒಂದು ವಾರ ಎಡಭುಜ ಎತ್ತಲಿಲ್ಲ. ಕಾಕಾನ ಹೆಂಡತಿ ಬುತ್ತಿ ತಂದಾಗ ಇದನ್ನು ಕೇಳಿ, ಹೊಂಡಕ್ಕೆ ತಾಳಿ ಕಟ್ಟಿಬಿಡು, ನಾನು ತೌರಿಗೆ ಹೋಗತೀನಿ ಎಂದು ಅಂದಳು. ಅವರು ನಕ್ಕದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಮಳೆಗಾಲ ಕಳೆಯುವ ಹೊತ್ತಿಗೆ ಸಣ್ಣ ಹೊಂಡದ ಕೆಸರು ದೊಡ್ಡ ಹೊಂಡಕ್ಕೆ ಹೋಗಿ, ದೊಡ್ಡ ಹೊಂಡ ಹುಳಿ ಬಂದ ಅಂಬಲಿಯ ಬಣ್ಣಕ್ಕೆ ತಿರುಗಿತು. ವಾಸನೆ ಇಳಿಯಿತು. ನೀರಿನಲ್ಲಿ ಕೊಳೆಯುವ ವಸ್ತು ಎಷ್ಟಿದೆ ಎಂದು ನಾನು, ಯಾರೂ ಹೇಳದಿದ್ದರೂ, ಪರ್ಮಾಂಗನೇಟಿನಿಂದ ಅಳೆಯುತ್ತಿದ್ದೆ. ಉಪ್ಪು ಲೆಕ್ಕ ಕೆಡಿಸದಿರಲೆಂದು ಕ್ಷಾರದಲ್ಲಿ ಮಾಡುತ್ತಿದ್ದೆ. ಮೊದಲು ಬ್ಯುರೆಟ್ಟು ಎರಡು ಸಲ ತುಂಬಬೇಕಾಗುತ್ತಿದ್ದಲ್ಲಿ ಈಗ ಅರ್ಧಕ್ಕೇ ಬಣ್ಣ ನಿಂತಿತು. ಮೂರು ಸಲ ಮಾಡಿದೆ. ಉಪ್ಪು ಮಾತ್ರ ಇದ್ದಷ್ಟೇ ಇತ್ತು, ಉಳಿದದ್ದನ್ನು ಏನೋ ತಿಂದಿತ್ತು. ಅಲ್ಲಿಂದಾಚೆ ಆ ವರ್ಷ ಮತ್ತು ಮುಂದಿನ ವರ್ಷ ಹಳ್ಳದ ನೀರಿಗೆ ದನ ಸಾಯಲಿಲ್ಲ.

ನಾನು ಆಗ ಹೊಸ ವರದಿ ಬರೆಯಬೇಕಿತ್ತು. ಪ್ರಾಧ್ಯಾಪಕರನ್ನು ಕೇಳಿದೆ. ಯಾರೂ ಕೇಳದ ವರದಿ ಯಾಕೆ, ಕೆಸರು ನೀರು ಶುದ್ಧಮಾಡುತ್ತದೆ ಎಂದು ಬರೆದರೆ ಕಾಲೇಜನ್ನು ನೋಡಿ ನಗುತ್ತಾರೆ ಎಂದರು. ನಾನು ಎರಡನೆಯ ಸಲ ಕೇಳುವವಳಲ್ಲ. ಹಳೆಯ ವರದಿ ಫೈಲಿನಲ್ಲಿ ಹಾಗೆಯೇ ಉಳಿಯಿತು.

ಮೂರನೆಯ ವರ್ಷ ಚಳಿಗಾಲ ಮುಗಿಯುವಾಗ ಯಾರೋ ದೊಡ್ಡ ಅಧಿಕಾರಿ ಕಾರ್ಖಾನೆ ನೋಡಲು ಬರುತ್ತಾರೆಂದು ಸುದ್ದಿಯಾಯಿತು. ಕಾಕಾ ಭೂತನಾಳದಲ್ಲಿ ಷಡ್ಡಕನ ಮಗಳ ಮದುವೆಗೆಂದು ಮೂರು ದಿನ ಹೋಗಿದ್ದರು. ಮ್ಯಾನೇಜರು ಫೈಲು ತೆಗೆದರು, ವರದಿ ಓದಿದರು, ನಾಲ್ಕನೆಯ ವಾಕ್ಯದಲ್ಲಿ ಹೇಳಿದ್ದನ್ನೆಲ್ಲ ಮಾಡಿಸಿದರು. ಕೆಸರು ಬಂಡಿಗೆ ತುಂಬಿ ಬಯಲಿಗೆ ಹೋಯಿತು. ಬ್ಲೀಚಿಂಗ್ ಪುಡಿ ಬಿತ್ತು. ಸಿಹಿನೀರಿನ ಬಾವಿಯಿಂದ ತೊಳೆದರು. ಅಧಿಕಾರಿ ಬಂದು ಬೆಳ್ಳಗಿನ ಹೊಂಡ ನೋಡಿ ತೃಪ್ತಿಪಟ್ಟು ಹೋದರು.

ಕಾಕಾ ಬಂದಾಗ ನಾನಿರಲಿಲ್ಲ. ಆಳುಗಳು ಹೇಳಿದ್ದಿಷ್ಟು. ಹೊಂಡದ ಅಂಚಿಗೆ ಬಂದು ನಿಂತರು. ಬೆರಳು ಅದ್ದಿ ನಾಲಿಗೆಗೆ ಹಚ್ಚಿ ಉಗುಳಿದರು. ನೇರವಾಗಿ ಹೋಗಿ ಮ್ಯಾನೇಜರನ್ನು ಕುರ್ಚಿಯಿಂದ ಕೊರಳಪಟ್ಟಿ ಹಿಡಿದು ಎಳೆದು ತಂದು, ಮೊಣಕಾಲೂರಿಸಿ, ಅವರ ಮುಖವನ್ನು ಆ ನೀರಿನಲ್ಲಿ ಒತ್ತಿ ಹಿಡಿದರು. ಮೂರು ಜನ ಬಿಡಿಸಿದರು. ಮ್ಯಾನೇಜರು ಕೆಮ್ಮುತ್ತ, ಕಣ್ಣು ಉರಿಯುತ್ತ, ಜೇಬಿನಿಂದ ನನ್ನ ವರದಿ ತೆಗೆದು ಎತ್ತಿ ಹಿಡಿದರು. ಯಾರೋ ಓದಿ ಹೇಳಿದರು. ಕಾಕಾ ಅವರನ್ನು ಅಲ್ಲೇ ಬಿಟ್ಟು, ಕೊಡ ತೆಗೆದುಕೊಂಡು ಡೋಣಿಯ ದಾರಿ ಹಿಡಿದರು. ಅವರನ್ನು ಕೆಲಸದಿಂದ ತೆಗೆಯುವ ಧೈರ್ಯ ಯಾರಿಗೂ ಆಗಲಿಲ್ಲ, ಆ ಕೆಲಸ ಬೇರೆ ಯಾರಿಗೂ ಬರುತ್ತಿರಲಿಲ್ಲ.

ಹೆಪ್ಪು ಮತ್ತೆ ಕೂರಲು ತಿಂಗಳುಗಳು ಬೇಕು. ಅಷ್ಟು ದಿನ ತೊಗಲು ನೆನೆಹಾಕಬೇಡಿ ಎಂದು ಅವರು ಮ್ಯಾನೇಜರನ್ನು ಕೇಳಿದರಂತೆ. ನೆನೆಹಾಕುವುದು ನಿಲ್ಲಲಿಲ್ಲ. ಹತ್ತನೆಯ ದಿನ ನೀರು ಕಪ್ಪಾಯಿತು. ಆಳೊಬ್ಬ ನನಗೆ ಕಾಲೇಜಿಗೆ ಚೀಟಿ ತಂದುಕೊಟ್ಟ, ಬಂದು ನೀರು ನೋಡಬೇಕಂತೆ ಎಂದು. ನಾನು ಮರುದಿನ ಮಧ್ಯಾಹ್ನದ ಮೋಟಾರಿಗೆ ಹೋದೆ. ನಾನು ಹೊಂಡದ ಹತ್ತಿರ ಸೀಸೆಗಳನ್ನು ಇಳಿಸುತ್ತಿದ್ದಾಗಲೇ ಹಳ್ಳದ ಗುಂಟ ಜನ ಬರುವುದು ಕಾಣಿಸಿತು. ಮೂರನೆಯ ಎಮ್ಮೆ ಆ ಬೆಳಿಗ್ಗೆ ಸತ್ತಿತ್ತು.

ಆಳುಗಳು ಒಳಗೆ ಓಡಿ ಬಾಗಿಲು ಹಾಕಿಕೊಂಡರು. ಹೊರಗೆ ಉಳಿದವರು ಅವರು ಮತ್ತು ನಾನು. ಅವರು ನನ್ನನ್ನು ಗೋದಾಮಿನ ಗೋಡೆಗೆ ತಳ್ಳಿದರು. ನನ್ನ ಮೊಣಕೈ ತರಚಿತು. ಎಮ್ಮೆಯ ಒಡೆಯ ಮುಂದೆ ಬಂದು ಮಿಣಿಯನ್ನು ಅವರ ಕಾಲಬುಡಕ್ಕೆ ಎಸೆದ. ಅವನ ಕಣ್ಣುಗಳು ಅತ್ತು ಕೆಂಪಾಗಿದ್ದವು. ಅದು ಅವನ ಮನೆಯ ಕೊನೆಯ ಎಮ್ಮೆ. ಅವನಿಗೆ ಆದದ್ದೂ ಸುಳ್ಳಲ್ಲ.

“ಸಂತ್ಯಾಗ ಮಾತಾಗಿತ್ತಲ್ಲ,” ಎಂದ. “ತಗೋ.”

“ತಪ್ಪು ನಮ್ಮದೈತಿ,” ಎಂದರು ಕಾಕಾ. “ಎಮ್ಮಿ ಬದಲಿ ಎಮ್ಮಿ ಕೇಳು, ಕಾರ್ಖಾನಿಂದ ನಾ ಕೊಡಸತೀನಿ. ಹೊಡಿ ಬೇಕಾದ್ರ. ಎಳಿಯಾಂವಲ್ಲ.”

“ನಿಮ್ಮಪ್ಪ ಎಳೀತಿದ್ದ ಲೇ.”

“ಅಂವ ಸತ್ತಾನ. ಅಂವನ್ನೂ ನಾವ ಹೊತ್ತೀವಿ, ನೀವು ಬಂದಿದ್ದಿಲ್ಲ.”

ಮೊದಲ ಬಡಿಗೆ ಕಾಕಾನ ತಲೆಗೆ ಬಿತ್ತು. ಅವರು ಪಕ್ಕದಲ್ಲಿದ್ದ ತೊಗಲು ಹೆರೆಯುವ ಕತ್ತಿ ಹಿಡಿದು ಬೀಸಿದರು. ಅದಕ್ಕೆ ಎರಡೂ ಕಡೆ ಹಿಡಿ ಇರುತ್ತದೆ. ಒಬ್ಬನ ಭುಜ ತೆರೆದುಕೊಂಡಿತು. ಬಿಳಿಯ ಎಲುಬು ಕಂಡಿತು, ಆಮೇಲೆ ರಕ್ತ. ಅಷ್ಟೇ. ನಾಲ್ವರು ಅವರನ್ನು ಅಂಗಾತ ಕೆಡವಿದರು. ಇಬ್ಬರು ಎದೆಯ ಮೇಲೆ ಕುಳಿತರು. ಒಬ್ಬ ಅವರ ಕೈಗಳನ್ನು ಹೊಂಡದ ಕಟ್ಟೆಯ ಕಲ್ಲಿನ ಮೇಲೆ ಚಾಚಿ ಹಿಡಿದ. ಎಳಿಯದ ಕೈ ಯಾಕ ಬೇಕು ಎಂದು ಎಮ್ಮೆಯ ಒಡೆಯ ಬಂಡಿಯ ಕಬ್ಬಿಣದ ಕೀಲು ಎತ್ತಿದ. ಬಲಗೈಗೆ ಮೂರು ಏಟು, ಎಡಗೈಗೆ ಎರಡು. ಸದ್ದು ಹಸಿ ಕಟ್ಟಿಗೆ ಮುರಿದಂತಿತ್ತು. ಕಾಕಾ ಕೂಗಲಿಲ್ಲ. ನಾನು ಕೂಗಿದೆ ಎಂದು ಆಮೇಲೆ ಆಳುಗಳು ಹೇಳಿದರು. ನನಗೆ ನೆನಪಿಲ್ಲ. ಆ ನಾಲ್ಕು ಮುಖಗಳು ನೆನಪಿವೆ. ಒಬ್ಬೊಬ್ಬರನ್ನೂ ಉಳಿದವರು ಹೆಸರು ಹಿಡಿದು ಕೂಗಿ ವಾಪಸು ಕರೆದರು.

ಎಮ್ಮೆಯನ್ನು ಯಾರೂ ಎಳೆಯಲಿಲ್ಲ. ಮೂರನೆಯ ದಿನಕ್ಕೆ ಊರವರೇ ಎರಡು ಜೋಡಿ ಎತ್ತು ಹೂಡಿ, ಮೂಗಿಗೆ ಬಟ್ಟೆ ಕಟ್ಟಿಕೊಂಡು ಎಳೆದರಂತೆ.

ವಿಜಾಪುರದ ಆಸ್ಪತ್ರೆಯಲ್ಲಿ ಅವರನ್ನು ನೋಡಲು ಹೋದೆ. ಎರಡೂ ಕೈಗಳನ್ನು ಹಲಗೆಗೆ ಕಟ್ಟಿದ್ದರು. ಬೆರಳುಗಳು ನೀಲಿಯಾಗಿ ಊದಿದ್ದವು. ಹೆಂಡತಿ ಚಮಚದಿಂದ ಗಂಜಿ ಕುಡಿಸುತ್ತಿದ್ದಳು. ನನ್ನನ್ನು ನೋಡಿ ಅವರು ಕೈಗಳ ಕಡೆ ಗದ್ದ ಎತ್ತಿ ತೋರಿಸಿದರು. “ಇನ್ನ ಎಳಿ ಅಂತ ಯಾರೂ ಅನ್ನಂಗಿಲ್ಲ ಬಿಡ್ರಿ.”

ನಾನು ನಾಲ್ಕನೆಯ ವಾಕ್ಯದ ವಿಷಯ ಹೇಳಿದೆ. ನಾನೇ ಬರೆದದ್ದು, ತಿದ್ದಬೇಕಿತ್ತು, ತಿದ್ದಲಿಲ್ಲ ಎಂದೆ.

“ಗೊತ್ತೈತ್ರಿ,” ಎಂದರು. “ಕೈ ನೆಟ್ಟಗಿದ್ದಿದ್ರ ನಿಮಗೂ ಒಂದು ಬೀಳತಿತ್ತು.”

ಹೆಂಡತಿ ಚಮಚ ಹಿಡಿದಲ್ಲೇ ನಿಂತಳು. ಅವರು ನನ್ನ ಮುಖದಿಂದ ಕಣ್ಣು ತೆಗೆಯಲಿಲ್ಲ. ಕ್ಷಮಿಸಿದೆನೆಂದು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಎದ್ದು ಬರುವಾಗ ಒಂದು ಮಾತು ಹೇಳಿದರು. ಉಪ್ಪಿಗೆ ರೂಢಿಯಾದ ಹುಳಗಳು ಸಿಹಿನೀರಿನಲ್ಲಿ ಬಿದ್ದರೆ ಒಡೆದು ಸಾಯುತ್ತವೆ, ಇದನ್ನು ಹುಡುಗರಿಗೆ ಕಲಿಸುವಾಗ ಹೇಳಿರಿ ಎಂದು. ಈಗ ಹೇಳುತ್ತೇನೆ. ಪ್ರತಿ ವರ್ಷ ಹೇಳುತ್ತೇನೆ.

ಒಂಬತ್ತನೆಯ ದಿನ ಅವರ ದವಡೆ ಬಿಗಿಯಿತು. ಧನುರ್ವಾಯು. ಬಾಗಿಲು ಸದ್ದಾದರೂ ಮೈ ಬಿಲ್ಲಿನಂತೆ ಬಾಗಿ ಮಂಚದಿಂದ ಏಳುತ್ತಿತ್ತು. ಇಬ್ಬರು ಹಿಡಿಯಬೇಕಾಗುತ್ತಿತ್ತು. ಎರಡು ದಿನ ಹಾಗೆ ಇದ್ದು, ಒಂದು ಮಧ್ಯಾಹ್ನ ತೀರಿಕೊಂಡರು.

ಅಂದು ಸಂಜೆ ಆಳುಗಳು ಹೇಳಿದರು, ಆ ಹದ್ದಿನ ಬಬಲೇಶ್ವರದ ಠಾಣೆಯಲ್ಲಿ ಸಾಕ್ಷಿಯ ಜಬಾನಿ ಕೊಡಲು ಒಬ್ಬರೂ ಮುಂದೆ ಬಂದಿಲ್ಲವೆಂದು. ಬಾಗಿಲು ಹಾಕಿತ್ತು, ನಾವು ನೋಡಿಲ್ಲ ಎಂದು ಎಲ್ಲರೂ ಅಂದಿದ್ದರು. ಗಲಾಟೆಯಲ್ಲಿ ಕಟ್ಟೆಯಿಂದ ಬಿದ್ದು ಪೆಟ್ಟಾಯಿತೆಂದು ಬರೆದು ಮುಗಿಸುತ್ತಾರಂತೆ. ಮಾವ ಅದನ್ನು ಕೇಳಿಸಿಕೊಂಡು ನನ್ನ ಕಡೆ ನೋಡಿದರು. ಮದುವೆಯಾಗದ ಹೆಣ್ಣುಮಗಳು ಠಾಣೆಯ ಮೆಟ್ಟಿಲು ಹತ್ತಿದರೆ ಆ ಮನೆಗೆ ಯಾರೂ ನೋಡಲು ಬರುವುದಿಲ್ಲ ಎಂದಷ್ಟೇ ಹೇಳಿದರು.

ಮರುದಿನ ಬೆಳಿಗ್ಗೆ ಮೊದಲ ಮೋಟಾರಿಗೆ ಬಬಲೇಶ್ವರಕ್ಕೆ ಹೋದೆ. ಫೌಜದಾರರು ಕುರ್ಚಿ ಕೊಟ್ಟರು. ಸತ್ತವರ ಹೆಸರು, ನನ್ನ ಹೆಸರು, ತಂದೆಯ ಹೆಸರು, ಆಮೇಲೆ ಆ ನಾಲ್ವರ ಹೆಸರು ಹೇಳಿದೆ, ಯಾರು ಎದೆಯ ಮೇಲೆ ಕುಳಿತರು, ಯಾರು ಕೈ ಹಿಡಿದರು, ಕೀಲು ಯಾರದು ಎಂದು. ಅವರು ಬರೆದುಕೊಂಡು ಸಹಿ ಮಾಡಲು ಕಾಗದ ತಿರುಗಿಸಿದರು. ಓದಿ ನೋಡಿದೆ. “ಎರಡೂ ಕೈ ಮುರಿದವು” ಎಂದಿತ್ತು. “ಮುರಿದರು” ಎಂದು ತಿದ್ದಿಸಿ, ಸಹಿ ಹಾಕಿದೆ.